ಹಾಯಿ, ಬೆಕ್ಕು ಮತ್ತು ಖಾಯಂ ವಿಳಾಸ

ಸಾಗರದ ನಡುವೆ ಆಡೊಂದು ನಕಾಶೆ ತಿಂದ ಕಥೆ ಕೇಳಿದ್ದೀರಾ? 1898ರಲ್ಲಿ ಜೋಶುವಾ ಸ್ಲೋಕಮ್ ಎಂಬಾತ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಮನೆ ಕಡೆ ಹೊರಟಿದ್ದ. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪ. ಅಲ್ಲಿ ಒಬ್ಬ ಹಿತೈಷಿ ‘ಜೊತೆಗಿರಲಿ’ ಎಂದು ಒಂದು ಆಡನ್ನು ದೋಣಿಗೆ ಹತ್ತಿಸಿದ. ಆಡಿನ ಬುದ್ಧಿ ನಮಗೆ ಗೊತ್ತಿರುವುದೇ. ಹಗ್ಗಕ್ಕೆ ಬಾಯಿ ಹಾಕಿತು, ಟೋಪಿ ಮೆದ್ದಿತು, ಕಡೆಗೆ ಕೆರಿಬಿಯನ್ ಕಡಲಿನ ನಕಾಶೆಯನ್ನೇ ನುಂಗಿತು. ಸ್ಲೋಕಮ್‌ಗೆ ಮುಂದಿನ ದಾರಿಗೆ ಬೇಕಿದ್ದದ್ದು ಅದೇ ನಕಾಶೆ! ಅಸೆನ್ಷನ್ ದ್ವೀಪ ಸಿಕ್ಕಿದ್ದೇ ಆಡನ್ನು ಅಲ್ಲಿ ಇಳಿಸಿ ಕೈ ಮುಗಿದ.

ಈ ಕಥೆಯನ್ನು ನಾನು ಮೊದಲು ಓದಿದ್ದು ಗೋವಾದ ಮಾಂಡೋವಿ ನದಿಯ ದಂಡೆಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಬೆಳಿಗ್ಗೆಯಿಂದ ದೋಣಿಯ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ಕೆರೆದು ಭುಜ ಬಿದ್ದುಹೋಗಿತ್ತು. ಪಕ್ಕದಲ್ಲಿ ಬಂಗುಡೆ ಮಲಗಿತ್ತು. ಬಂಗುಡೆ ಎಂದರೆ ಮೀನಲ್ಲ, ಬೆಕ್ಕು. ಬೆನ್ನ ಮೇಲೆ ಬಂಗುಡೆ ಮೀನಿನ ಹಾಗೇ ಗೆರೆಗಳಿದ್ದವು, ಅದಕ್ಕೇ ಆ ಹೆಸರು.

ನನ್ನ ಕೆಲಸದ ಬಗ್ಗೆ ಹೇಳಬೇಕು. ಊರು ಹೊನ್ನಾವರ. ಅಪ್ಪ ಕಾಸರಕೋಡು ಟೊಂಕದಿಂದ ಹೊರಡುವ ಮೀನುಗಾರಿಕೆ ಬೋಟಿನಲ್ಲಿ ಪಾಲಿನ ಲೆಕ್ಕದಲ್ಲಿ ದುಡಿಯುತ್ತಾರೆ. ನಾನು ಕಾರವಾರದಲ್ಲಿ ಬಿ.ಕಾಂ. ಮಾಡಿದೆ. ಈಗ ಗೋವಾದಲ್ಲಿ 38 ಅಡಿಯ ಒಂದು ಹಾಯಿದೋಣಿಯಲ್ಲಿ ಕೆಲಸ. ದೋಣಿ ಪುಣೆಯ ನಿವೃತ್ತ ದಂಪತಿಯದು. ನಾನು ಅವರನ್ನು ಕಾಕಾ, ಕಾಕು ಎನ್ನುತ್ತೇನೆ. ಅಕ್ಟೋಬರಿನಿಂದ ಮೇ ತನಕ ಅವರು ದೋಣಿಯಲ್ಲೇ ಇರುತ್ತಾರೆ, ನಾನೂ ಇರುತ್ತೇನೆ. ಮಳೆಗಾಲದಲ್ಲಿ ದೋಣಿ ನೀರಿನಿಂದ ಮೇಲೆ, ನಾನು ಮನೆಗೆ. ಮೂರು ವರ್ಷವಾಯಿತು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಡೆಕ್‌ಹ್ಯಾಂಡ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು ಎಂದು ಆಯಿ ಇನ್ನೂ ಹುಡುಕುತ್ತಿದ್ದಾಳೆ. ‘ಎಂತ ಮಗಾ, ನಿನ್ನ ಕೆಲ್ಸಕ್ಕೆ ಒಂದು ಹೆಸ್ರಾದ್ರೂ ಇದ್ಯಾ? ಕೇಳಿದವ್ರಿಗೆ ಎಂತ ಹೇಳೂದು?’ ಎಂಬುದು ಅವಳ ಖಾಯಂ ಪ್ರಶ್ನೆ.

ಇನ್‌ಸ್ಟಾಗ್ರಾಮಿನಲ್ಲಿ ಈ ಬದುಕು ಹೇಗೆ ಕಾಣುತ್ತದೆ ಎಂದು ನಿಮಗೂ ಗೊತ್ತು. ನೀಲಿ ನೀರು, ಬಿಳಿ ಹಾಯಿ, ಮಡಿಲಲ್ಲಿ ಬೆಕ್ಕು, ಕೈಯಲ್ಲಿ ಪುಸ್ತಕ. ‘ನಾಳೆಯೇ ರಿಸೈನ್ ಮಾಡ್ತೀನಿ’ ಎಂಬ ಕಮೆಂಟುಗಳು. ನನ್ನ ಗೆಳತಿಯರೂ ‘ನಿಂದೇ ಲೈಫು ಕಣೇ’ ಎಂದು ಮೆಸೇಜು ಹಾಕುತ್ತಾರೆ. ಪ್ಲೇಸ್‌ಮೆಂಟ್ ಆಗದೆ ಕುಳಿತವರಿಗೆ, ಆಗಿಯೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕುಳಿತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ದೋಣಿಯಲ್ಲಿ ಇರುವವರು ಏನು ತಿನ್ನುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಬೆಕ್ಕನ್ನು ಯಾವ ದೇಶ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಯಾವ ರೀಲ್ಸೂ ಹೇಳುವುದಿಲ್ಲ.

ಸ್ಲೋಕಮ್‌ನನ್ನೇ ತೆಗೆದುಕೊಳ್ಳಿ. ಆತ ಕನಸು ಬೆನ್ನಟ್ಟಿ ಹೊರಟ ಶ್ರೀಮಂತನಲ್ಲ, ಕೆಲಸ ಕಳೆದುಕೊಂಡ ಕ್ಯಾಪ್ಟನ್. ಜೀವನವಿಡೀ ಹಾಯಿಹಡಗು ನಡೆಸಿದವನು. ಅಷ್ಟರಲ್ಲಿ ಉಗಿಹಡಗುಗಳ ಕಾಲ ಬಂತು, ಅವನ ವಿದ್ಯೆ ಯಾರಿಗೂ ಬೇಡವಾಯಿತು. ಈಗ ಎಐ ಬಂದು ನಮ್ಮ ಕೆಲಸ ಹೋಗುತ್ತದೆ ಎಂದು ನಾವು ಹೆದರುವುದಿಲ್ಲವೇ, ಹಾಗೆ. 1892ರಲ್ಲಿ ಗೆಳೆಯನೊಬ್ಬ ‘ಒಂದು ಹಡಗಿದೆ, ಸ್ವಲ್ಪ ರಿಪೇರಿ ಬೇಕು’ ಎಂದ. ಹೋಗಿ ನೋಡಿದರೆ ಹೊಲದ ನಡುವೆ ಊರೆಗೋಲು ಕೊಟ್ಟು ನಿಲ್ಲಿಸಿದ ಒಂದು ಹಳೇ ದೋಣಿ. ಸ್ಲೋಕಮ್ ಅಲ್ಲೇ ಹತ್ತಿರದ ಓಕ್ ಮರ ಕಡಿದು, ಹಲಗೆ ಹಲಗೆಯನ್ನೂ ಬದಲಿಸಿ, ಹದಿಮೂರು ತಿಂಗಳು ದುಡಿದು ಅದನ್ನು ಹೊಸದು ಮಾಡಿದ. ಸಾಮಾನಿಗೆ ಆದ ಖರ್ಚು 553 ಡಾಲರ್ 62 ಸೆಂಟ್. ಆ 62 ಸೆಂಟನ್ನೂ ಬರೆದಿಟ್ಟಿದ್ದಾನಲ್ಲ, ಅದಕ್ಕೇ ನನಗೆ ಅವನ ಮೇಲೆ ಗೌರವ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟವನು 1898ರ ಜೂನ್‌ನಲ್ಲಿ ಮರಳಿದ. ಒಬ್ಬನೇ ಭೂಮಿ ಸುತ್ತಿದ ಮೊದಲಿಗ. ಸಮಯ ನೋಡಲು ಅವನ ಬಳಿ ಇದ್ದದ್ದು ಒಂದು ಡಾಲರಿನ ತಗಡಿನ ಗಡಿಯಾರ. ಮುಖದ ಗಾಜು ಒಡೆದಿದ್ದರಿಂದ ಅಂಗಡಿಯವನು ಅರ್ಧ ಡಾಲರು ಬಿಟ್ಟುಕೊಟ್ಟಿದ್ದ. ದಾರಿಯ ಬಂದರುಗಳಲ್ಲಿ ಭಾಷಣ ಮಾಡಿ ದುಡ್ಡು ಕೂಡಿಸಿದ, ಮನೆಗೆ ಬಂದ ಮೇಲೆ ಪುಸ್ತಕ ಬರೆದ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನ ಆ ಪುಸ್ತಕ 1900ರಲ್ಲಿ ಬಂದದ್ದು ಇಂದಿಗೂ ಮಾರಾಟವಾಗುತ್ತಿದೆ.

ಇನ್ನೊಬ್ಬಳು ತಾನಿಯಾ ಏಬಿ. ನ್ಯೂಯಾರ್ಕಿನಲ್ಲಿ ಸೈಕಲ್ ಮೇಲೆ ಪಾರ್ಸಲು ಹಂಚುತ್ತಿದ್ದ ಹುಡುಗಿ. ನಮ್ಮ ಡೆಲಿವರಿ ಹುಡುಗರ ಹಾಗೆ ಅಂದುಕೊಳ್ಳಿ. ಅಪ್ಪ ಅವಳ ಮುಂದೆ ಎರಡು ಆಯ್ಕೆ ಇಟ್ಟ: ಕಾಲೇಜು, ಇಲ್ಲವೇ ಕಾಲೇಜಿನ ದುಡ್ಡಿನಲ್ಲಿ ಒಂದು ದೋಣಿ. ದೋಣಿ ತೆಗೆದುಕೊಂಡರೆ ಒಬ್ಬಳೇ ಭೂಮಿ ಸುತ್ತಬೇಕು. 1985ರಲ್ಲಿ 18ನೇ ವಯಸ್ಸಿಗೆ, ಕೇವಲ 26 ಅಡಿಯ ‘ವರುಣ’ ಎಂಬ ದೋಣಿಯಲ್ಲಿ ಹೊರಟಳು. ಹೌದು, ನಮ್ಮ ವರುಣನೇ! 1987ರ ನವೆಂಬರಿನಲ್ಲಿ ಮರಳುವಾಗ ಜೊತೆಗೆ ಟಾರ್ಜೂನ್ ಎಂಬ ಬೆಕ್ಕಿತ್ತು. ದಾರಿಯುದ್ದಕ್ಕೂ ಪತ್ರಿಕೆಗೆ ಬರೆದಳು. ಕೇಳಲು ಚೆನ್ನ. ಆದರೆ ಕಾಲೇಜಿನ ಬದಲು ದೋಣಿ ಕೊಡಿಸುವ ಅಪ್ಪ ಎಷ್ಟು ಜನರಿಗಿದ್ದಾನೆ? ನನ್ನಪ್ಪ ಕಾಲೇಜಿನ ಫೀಸು ಕಟ್ಟಲು ಆಯಿಯ ಬಳೆ ಅಡವಿಟ್ಟಿದ್ದರು. ಹೊರದೇಶದ ಸಾಹಸಗಾಥೆ ಓದುವಾಗ ಈ ಲೆಕ್ಕ ತಲೆಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ದಾರಿ ತೆರೆದದ್ದು ನೌಕಾಪಡೆ. ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ ‘ಮಾದೆಯಿ’ ಎಂಬ 56 ಅಡಿಯ ದೋಣಿಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಮಾದೆಯಿ ಎಂದರೆ ಮಾಂಡೋವಿಯ ಇನ್ನೊಂದು ಹೆಸರೇ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ನದಿ. ಅದೇ ದೋಣಿಯಲ್ಲಿ 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. ಆಮೇಲೆ ‘ತಾರಿಣಿ’. 2017ರ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿ ಮುಂದಾಳತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಗೋವಾದಿಂದ ಹೊರಟು 2018ರ ಮೇ ತಿಂಗಳಲ್ಲಿ ಮರಳಿದರು. ಆ ದಿನದ ಸುದ್ದಿಯನ್ನು ನಾನು ಪಿಯುಸಿ ರಿಸಲ್ಟಿನ ಗಡಿಬಿಡಿಯಲ್ಲಿ ಓದಿದೆ. ಕಾಲೇಜಿಗೆ ಸೇರಿದವಳೇ ಎನ್‌ಸಿಸಿ ನೌಕಾದಳದ ಘಟಕ ಸೇರಿದೆ. 27 ಅಡಿಯ ವೇಲರ್ ದೋಣಿಗೆ ಹುಟ್ಟು ಹಾಕಿ ಅಂಗೈ ಬೊಬ್ಬೆ ಎದ್ದದ್ದು, ಹಾಯಿ ಏರಿಸಿದಾಗ ದೋಣಿ ಸದ್ದಿಲ್ಲದೆ ತಾನಾಗಿ ಮುಂದೆ ಸರಿದದ್ದು ಎಲ್ಲವೂ ಅಲ್ಲಿಯೇ. ಅಪ್ಪನ ಬೋಟಿನ ಎಂಜಿನ್ ಸದ್ದಿನಲ್ಲಿ ಬೆಳೆದವಳಿಗೆ ಆ ಮೌನ ಹೊಸದು. ಕಳೆದ ವರ್ಷ, 2025ರ ಮೇ ತಿಂಗಳಲ್ಲಿ, ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಎಂಟು ತಿಂಗಳ ಭೂಪ್ರದಕ್ಷಿಣೆ ಮುಗಿಸಿ ಗೋವಾಕ್ಕೆ ಬಂದರು. ಇವರೆಲ್ಲರಿಗೂ ತಿಂಗಳ ಸಂಬಳವಿತ್ತು, ಹಿಂದೆ ನೌಕಾಪಡೆಯಿತ್ತು. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಸಂಬಳವಿದ್ದೂ ಸಾಹಸ ಮಾಡಬಹುದು ಎಂಬುದು ನಮ್ಮಂಥವರಿಗೆ ಸಿಹಿ ಸುದ್ದಿ.

ನಮ್ಮ ಮನೆಯಲ್ಲಿ ಹಾಯಿ ಹೊಸದೇನಲ್ಲ. ಅಜ್ಜ ಮಂಜಿಯಲ್ಲಿ ಭಂಡಾರಿಯಾಗಿದ್ದರು, ಅಂದರೆ ಅಡುಗೆಯವರು. ಮಂಗಳೂರು ಹೆಂಚು ತುಂಬಿಕೊಂಡು ಮುಂಬೈಗೆ, ಕೆಲವೊಮ್ಮೆ ಅದರಾಚೆಗೂ ಹೋಗುತ್ತಿದ್ದರಂತೆ. ಮಂಜಿಯಲ್ಲಿ ಬೆಕ್ಕು ಕಡ್ಡಾಯ. ಇಲಿಗಳು ಅಕ್ಕಿ ಮೂಟೆಯನ್ನಷ್ಟೇ ಅಲ್ಲ, ಹಾಯಿಬಟ್ಟೆಯನ್ನೂ ಕಡಿಯುತ್ತವೆ. ಬೆಕ್ಕಿಗೂ ಊಟದಲ್ಲಿ ಪಾಲಿತ್ತು, ತಂಡೇಲನಿಗಿಂತ ಮೊದಲು ಅದಕ್ಕೇ ಮೀನಿನ ತಲೆ ಎಂದು ಅಜ್ಜ ಹೇಳುತ್ತಿದ್ದರು. ಇಂದಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ, ಈಗ ಎಂಜಿನ್ ಬಲದಿಂದ. ಲಕ್ಷದ್ವೀಪಕ್ಕೆ ನಾಯಿ ಒಯ್ಯುವಂತಿಲ್ಲ ಎಂಬುದು ಬೇರೆ ಮಾತು. ಅಲ್ಲಿ ನಾಯಿಯೂ ಇಲ್ಲ, ರೇಬಿಸೂ ಇಲ್ಲ.

ದೋಣಿಯಲ್ಲಿ ಬೆಕ್ಕು ಸಾಕುವುದು ಫೋಟೋದಷ್ಟು ಸುಲಭವಲ್ಲ. ಮೊದಲ ಅಲೆಗೇ ಬಂಗುಡೆ ವಾಂತಿ ಮಾಡಿತು, ಅದೂ ಕಾಕುವಿನ ದಿಂಬಿನ ಮೇಲೆ. ಎರಡು ದಿನ ಮೂಲೆ ಹಿಡಿದು ಆಮೇಲೆ ಸರಿಹೋಯಿತು. ಬೆಕ್ಕು ನೀರಿಗೆ ಬಿದ್ದರೆ ಈಜುತ್ತದೆ, ಆದರೆ ದೋಣಿಯ ನುಣುಪು ಮೈಯನ್ನು ಹತ್ತಲಾರದು. ಅದಕ್ಕೆ ಲಂಗರು ಹಾಕಿದಾಗಲೆಲ್ಲ ಪಕ್ಕದಲ್ಲಿ ನಾರಿನ ಕಾಲೊರಸೊಂದನ್ನು ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡುತ್ತೇನೆ. ಒಮ್ಮೆ ರಾತ್ರಿ ಧುಮುಕ್ ಎಂದ ಸದ್ದು ಕೇಳಿ ಟಾರ್ಚು ಹಿಡಿದು ಓಡಿದೆ. ಅಷ್ಟರಲ್ಲಿ ಬಂಗುಡೆ ಕಾಲೊರಸನ್ನು ಉಗುರಿನಲ್ಲಿ ಕಚ್ಚಿ ಮೇಲೆ ಹತ್ತಿ, ನನ್ನನ್ನೇ ಬೈಯುವ ಮುಖ ಮಾಡಿ ಒಳಗೆ ಹೋಯಿತು. ಅದರ ಟ್ರೇಗೆ ಮರಳು ತುಂಬುವುದು, ಕುಡಿಯುವ ನೀರಿನಲ್ಲಿ ಅದಕ್ಕೂ ಪಾಲು ತೆಗೆಯುವುದು, ಬಿಸಿಲಿಗೆ ಕಾದ ಡೆಕ್ಕಿನಲ್ಲಿ ಪಾದ ಸುಡದಂತೆ ಗೋಣಿ ಹಾಸುವುದು ನನ್ನದೇ ಕೆಲಸ.

ಇದಕ್ಕಿಂತ ದೊಡ್ಡ ತೊಡಕು ಕಾಗದಪತ್ರ. ಪರದೇಶದ ಬಂದರು ಮುಟ್ಟಿದ ದೋಣಿ ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಬಂದು ನೋಡುವವರೆಗೆ ಕಾಯಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳಲ್ಲಿ ದೋಣಿಯ ಬೆಕ್ಕು ದೋಣಿಯಲ್ಲೇ ಇರಬೇಕು, ದಡಕ್ಕೆ ಕಾಲಿಡುವಂತಿಲ್ಲ. ಲಸಿಕೆಯ ದಾಖಲೆ, ರಕ್ತಪರೀಕ್ಷೆ, ಮೈಕ್ರೋಚಿಪ್ ಎಂದು ಪಟ್ಟಿ ಬೆಳೆಯುತ್ತದೆ. ಭಾರತಕ್ಕೆ ಹೊರಗಿನಿಂದ ಸಾಕುಪ್ರಾಣಿ ತರಲೂ ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಬೆಕ್ಕಿನ ಕಥೆ ಇದಾದರೆ ಮನುಷ್ಯರದು? ನಮ್ಮ ಪಾಸ್‌ಪೋರ್ಟಿಗೆ ಹಲವು ದೇಶಗಳು ಮೊದಲೇ ವೀಸಾ ಕೇಳುತ್ತವೆ. ‘ಯಾವ ತಾರೀಖಿಗೆ ಬರುತ್ತೀರಿ?’ ಎಂಬ ಕಾಲಂ ಇರುತ್ತದೆ. ವಿಮಾನಕ್ಕೆ ತಾರೀಖು ಉಂಟು, ಗಾಳಿಗೆ ಎಲ್ಲಿದೆ? ಕೊಚ್ಚಿಯ ಬೋಲ್ಗಾಟ್ಟಿ ಮರೀನಾದಲ್ಲಿ ಯುರೋಪಿನ ಒಂದು ಜೋಡಿ ಸಿಕ್ಕಿತ್ತು. ಹನ್ನೊಂದು ವರ್ಷದಿಂದ ದೋಣಿಯಲ್ಲೇ ಇರುವವರು. ಅವರಿಗೆ ನನ್ನ ವೀಸಾ ಸಮಸ್ಯೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು.

ಪ್ರಾಣಿ ಸಾಕಿದ ನಾವಿಕರಲ್ಲಿ ನನಗೆ ತುಂಬಾ ಹಿಡಿಸಿದವರು ಇಬ್ಬರು. ಒಬ್ಬ ಫ್ರಾನ್ಸಿನ ಗಿರೆಕ್ ಸೂದೆ. ಅವನ ಜೊತೆಗಿದ್ದದ್ದು ಮೋನಿಕ್ ಎಂಬ ಕೆಂಪು ಕೋಳಿ! ಗ್ರೀನ್‌ಲ್ಯಾಂಡಿನಲ್ಲಿ ದೋಣಿ ಹಿಮದಲ್ಲಿ ಸಿಕ್ಕಿ 130 ದಿನ ನಿಂತಾಗ ಆ ಚಳಿಯಲ್ಲೂ ಕೋಳಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟಿತು. ಇನ್ನೊಬ್ಬ ಮ್ಯಾಥ್ಯೂ ಫ್ಲಿಂಡರ್ಸ್, ಆಸ್ಟ್ರೇಲಿಯಾದ ಸುತ್ತ ಹಾಯಿ ನಡೆಸಿ ಅದರ ಕರಾವಳಿಯ ನಕಾಶೆ ಬರೆದವನು. ಅವನ ಬೆಕ್ಕು ಟ್ರಿಮ್, 1799ರಲ್ಲಿ ಹಡಗಿನ ಮೇಲೇ ಹುಟ್ಟಿದ್ದು. ಪ್ರದಕ್ಷಿಣೆಯಲ್ಲಿ ಜೊತೆಗಿತ್ತು, ಹಡಗು ಒಡೆದಾಗಲೂ ಬದುಕಿತು. 1803ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಮಾರಿಷಸ್‌ಗೆ ಬಂದಾಗ ಫ್ರೆಂಚರು ಫ್ಲಿಂಡರ್ಸ್‌ನನ್ನು ಸೆರೆಯಲ್ಲಿಟ್ಟರು. ಆರು ವರ್ಷಕ್ಕೂ ಮೇಲೆ ಆತ ಅಲ್ಲೇ ಕೊಳೆತ. ಆ ದಿನಗಳಲ್ಲಿ ಟ್ರಿಮ್ ಕಾಣೆಯಾಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸೆರೆಯಲ್ಲೇ ಕುಳಿತು ಫ್ಲಿಂಡರ್ಸ್ ಆ ಬೆಕ್ಕಿನ ಜೀವನಚರಿತ್ರೆ ಬರೆದ, ನಗಿಸುತ್ತಾ ಬರೆದ. ಅವನ ದೊಡ್ಡ ಸಂಶೋಧನಾ ಗ್ರಂಥ 1814ರಲ್ಲಿ ಅವನು ಸಾಯುವ ಹಿಂದಿನ ದಿನ ಅಚ್ಚಾಗಿ ಬಂತು. ಸಿಡ್ನಿಯ ಗ್ರಂಥಾಲಯದ ಕಿಟಕಿಯ ಅಂಚಿನಲ್ಲಿ ಟ್ರಿಮ್‌ನ ಕಂಚಿನ ಪ್ರತಿಮೆ ಇದೆ. ದೊಡ್ಡ ಗ್ರಂಥವನ್ನು ಓದುವವರು ಈಗ ಸಂಶೋಧಕರಷ್ಟೇ, ಬೆಕ್ಕಿನ ಕಥೆಯನ್ನು ಎಲ್ಲರೂ ಓದುತ್ತಾರೆ.

ಬರವಣಿಗೆಯ ಮಾತಿಗೆ ಬಂದೆ. ದೋಣಿಯಲ್ಲಿ ಬರೆಯಲು ಬೇಕಾದಷ್ಟು ಸಮಯ ಸಿಗುತ್ತದೆ ಎಂಬುದು ದಡದಲ್ಲಿರುವವರ ಕಲ್ಪನೆ. ಗೋವಾದಿಂದ ಕೊಚ್ಚಿಗೆ ನಮ್ಮ ದೋಣಿಯಲ್ಲಿ ಮೂರು ದಿನ, ಮೂರು ರಾತ್ರಿ. ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರು. ಸೈಕಲ್ಲಿನವನೂ ನಮ್ಮನ್ನು ದಾಟಿ ಹೋಗುತ್ತಾನೆ. ಮೂವರೇ ಇರುವುದರಿಂದ ಮೂರು ಗಂಟೆ ಕಾವಲು, ಆರು ಗಂಟೆ ಬಿಡುವು. ಆ ಆರು ಗಂಟೆಯಲ್ಲೇ ಅಡುಗೆ, ಪಾತ್ರೆ, ಹರಿದ ಹಾಯಿಗೆ ಹೊಲಿಗೆ, ನಿದ್ದೆ. ಬೆಳಿಗ್ಗೆ ದಡದ ಕಡೆಯಿಂದ ಮೆಲುಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬಲವಾದ ಗಾಳಿ. ರಾತ್ರಿ ಇಡೀ ಕಣ್ಣು ಬಿಟ್ಟು ನೋಡಬೇಕಾದದ್ದು ಮೀನುಗಾರರ ಬಲೆಗಳನ್ನು. ಒಂದು ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ನಮ್ಮ ಕಥೆ ಅಷ್ಟೇ, ಬಲೆ ಕಳೆದುಕೊಂಡವನ ಕಥೆಯೂ ಅಷ್ಟೇ. ಅವನು ನನ್ನ ಅಪ್ಪನೇ ಆಗಿರಬಹುದು.

ಇಷ್ಟರ ನಡುವೆ ನಾನು ಬರೆಯುವುದು ಲಾಗ್‌ಬುಕ್ ಮಾತ್ರ. ಗಂಟೆ, ಅಕ್ಷಾಂಶ-ರೇಖಾಂಶ, ದಿಕ್ಕು, ಗಾಳಿ, ವಾಯುಭಾರ, ಕೊನೆಗೆ ‘ವಿಶೇಷ’ ಎಂಬ ಸಣ್ಣ ಕಾಲಂ. ಆ ಒಂದೂವರೆ ಇಂಚಿನ ಕಾಲಂ ನನಗೆ ಬರವಣಿಗೆ ಕಲಿಸಿತು. ‘ಸೂರ್ಯೋದಯ ಅತ್ಯದ್ಭುತವಾಗಿತ್ತು’ ಎಂದು ಬರೆದರೆ ಕಾಕಾ ಪೆನ್ಸಿಲಿನಲ್ಲಿ ಪಕ್ಕದಲ್ಲೇ ‘ಮೋಡ ಎಷ್ಟಿತ್ತು?’ ಎಂದು ಕೇಳುತ್ತಿದ್ದರು. ಈಗ ಹೀಗೆ ಬರೆಯುತ್ತೇನೆ: ‘02.40. ಎಡಕ್ಕೆ ಮುರ್ಡೇಶ್ವರದ ಗೋಪುರದ ದೀಪ. ಬಲಕ್ಕೆ ನೇತ್ರಾಣಿ, ಕಪ್ಪಗೆ. ಎರಡು ಬೋಟು, ಒಂದಕ್ಕೆ ದೀಪವಿಲ್ಲ. ಬೆಕ್ಕು ಎಚ್ಚರ.’ ಆ ರಾತ್ರಿ ಅದಕ್ಕಿಂತ ಸ್ವಲ್ಪ ಮೊದಲು ಹೊನ್ನಾವರದ ದೀಪಗಳು ದಾಟಿ ಹೋಗಿದ್ದವು. ದಡದಿಂದ ಹತ್ತು ಮೈಲಿ ಆಚೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬಂದು, ಆಯಿಯ ಸಂಜೆಯ ಮೆಸೇಜು ಟಣ್ ಎಂದಿತ್ತು: ‘ಊಟ ಆಯ್ತಾ?’ ನನ್ನೂರನ್ನು ಅಷ್ಟು ದೂರದಿಂದ, ಕತ್ತಲಲ್ಲಿ ನೋಡಿದ್ದು ಅದೇ ಮೊದಲು. ಲಾಗ್‌ಬುಕ್ಕಿನಲ್ಲಿ ಬರೆದದ್ದು ‘ಹೊನ್ನಾವರ, ಪೂರ್ವಕ್ಕೆ’ ಎಂದಷ್ಟೇ.

ಲಾಗ್‌ಬುಕ್ ಎಂದಾಗ ಡೊನಾಲ್ಡ್ ಕ್ರೌಹರ್ಸ್ಟ್ ನೆನಪಾಗದೆ ಇರುವುದಿಲ್ಲ. 1968ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಒಂಟಿಯಾಗಿ, ನಿಲ್ಲದೆ ಭೂಮಿ ಸುತ್ತುವ ಸ್ಪರ್ಧೆ ಇಟ್ಟಿತು. ಹೊರಟವರು ಒಂಬತ್ತು ಜನ. ಕ್ರೌಹರ್ಸ್ಟ್‌ನ ವ್ಯಾಪಾರ ನಷ್ಟದಲ್ಲಿತ್ತು. ಮನೆ, ವ್ಯಾಪಾರ ಎಲ್ಲವನ್ನೂ ಒತ್ತೆಯಿಟ್ಟು ದೋಣಿ ಕಟ್ಟಿಸಿದ್ದ. ದೋಣಿ ಅರೆಬರೆ, ಸೋರುತ್ತಿತ್ತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ. ಅವನು ಎರಡೂ ಮಾಡಲಿಲ್ಲ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತಾ, ರೇಡಿಯೋದಲ್ಲಿ ‘ಇಷ್ಟು ದೂರ ಬಂದೆ, ಅಷ್ಟು ವೇಗ’ ಎಂದು ಸುಳ್ಳು ಸ್ಥಾನಗಳನ್ನು ಕಳಿಸಿದ. ದಡದಲ್ಲಿ ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಸುಳ್ಳನ್ನು ನಂಬಿಸಲು ಸೂರ್ಯ-ನಕ್ಷತ್ರಗಳ ಲೆಕ್ಕವನ್ನು ಉಲ್ಟಾ ಕಟ್ಟಿ ಬರೆಯಬೇಕು, ಅದು ನಿಜ ಬರೆಯುವುದಕ್ಕಿಂತ ಕಷ್ಟ. ಗೆದ್ದರೆ ಪುಸ್ತಕ ಪರಿಶೀಲಿಸುತ್ತಾರೆ ಎಂಬ ಭಯ ಹಿಡಿಯಿತು. 1969ರ ಜುಲೈ 10ರಂದು ಅವನ ದೋಣಿ ಖಾಲಿಯಾಗಿ ತೇಲುತ್ತಿದ್ದದ್ದು ಸಿಕ್ಕಿತು. ಒಳಗೆ ಲಾಗ್‌ಬುಕ್ಕುಗಳಿದ್ದವು, ಅವನಿರಲಿಲ್ಲ.

ರೀಲ್ಸ್ ಮಾಡುವವರನ್ನು ಕ್ರೌಹರ್ಸ್ಟ್‌ಗೆ ಹೋಲಿಸುವಷ್ಟು ಕಟುಕಿ ನಾನಲ್ಲ. ಆದರೆ ಸಾಲ ಮಾಡಿ ಪ್ರವಾಸ ಹೋಗಿ, ಅತ್ತು ಕಣ್ಣೊರೆಸಿಕೊಂಡು ಫೋಟೋಕ್ಕೆ ನಗುವವರನ್ನು ಗೋವಾದಲ್ಲಿ ಪ್ರತಿ ಸೀಸನ್ನಿನಲ್ಲೂ ನೋಡುತ್ತೇನೆ. ಅದೇ ಸ್ಪರ್ಧೆ ಮುಗಿಸಿದವನು ಒಬ್ಬನೇ, ರಾಬಿನ್ ನಾಕ್ಸ್-ಜಾನ್‌ಸ್ಟನ್, 312 ದಿನಗಳಲ್ಲಿ. ಅವನ ‘ಸುಹೈಲಿ’ ದೋಣಿ ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಲ್ಲಿ. ತನಗೆ ಬಂದ 5,000 ಪೌಂಡ್ ಬಹುಮಾನವನ್ನು ಆತ ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ. ಇನ್ನೊಬ್ಬ, ಬರ್ನಾರ್ಡ್ ಮ್ವಾತೆಸಿಯೆ, ಗೆಲ್ಲುವ ಹಾದಿಯಲ್ಲಿದ್ದರೂ ‘ಬೇಡ’ ಎಂಬ ಚೀಟಿಯನ್ನು ಕವಣೆಯಲ್ಲಿ ಒಂದು ಹಡಗಿನ ಮೇಲೆ ಎಸೆದು ತಾಹಿತಿಯ ಕಡೆ ತಿರುಗಿದ. ಎಲ್ಲರೂ ಅವನನ್ನು ಋಷಿ ಎಂದು ಹೊಗಳುತ್ತಾರೆ. ಮನೆಯಲ್ಲಿ ಕಾಯುತ್ತಿದ್ದ ಹೆಂಡತಿಯ ಅಭಿಪ್ರಾಯ ಯಾರೂ ಕೇಳಿದಂತಿಲ್ಲ!

ಕನ್ನಡದಲ್ಲಿ ‘ಅಲೆಮಾರಿ’ ಎಂದರೆ ನನಗೆ ತೇಜಸ್ವಿ. ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಓದಿದ್ದು ಹಾಸ್ಟೆಲಿನಲ್ಲಿ. ಮೂಡಿಗೆರೆಯ ತೋಟದಲ್ಲಿ ನೆಲೆ ನಿಂತವರು, ಕಿವಿ ಎಂಬ ನಾಯಿಯನ್ನು ಕನ್ನಡಿಗರ ಮನೆಮಾತು ಮಾಡಿದವರು ತಮ್ಮನ್ನು ಅಲೆಮಾರಿ ಎಂದು ಕರೆದುಕೊಂಡರು. ಒಂದು ಕಡೆ ಬೇರು ಬಿಟ್ಟೂ ಅಲೆಮಾರಿಯಾಗಬಹುದು ಎಂದು ಆಗಲೇ ಅನ್ನಿಸಿತ್ತು.

ಈಗ ಕಳೆದ ಜೂನಿನ ಮಾತು. ಬೆಂಗಳೂರಿನ ಒಂದು ಸರಕು ಸಾಗಣೆ ಕಂಪನಿಯಿಂದ ಆಫರ್ ಲೆಟರ್ ಬಂತು. ಬಂದರಿನ ಕಾಗದಪತ್ರ ನೋಡಿಕೊಳ್ಳುವ ಕೆಲಸ, ತಿಂಗಳಿಗೆ 28 ಸಾವಿರ. ಜುಲೈ ಹದಿನೈದಕ್ಕೆ ಸೇರಬೇಕು. ಅದೇ ವಾರ ಕಾಕಾ ಫೋನ್ ಮಾಡಿ, ಮುಂದಿನ ಫೆಬ್ರುವರಿಯಲ್ಲಿ ಕೊಚ್ಚಿಯಿಂದ ಶ್ರೀಲಂಕೆಯ ದಕ್ಷಿಣಕ್ಕೆ ಬಳಸಿ ಅಂಡಮಾನಿಗೆ ಹೋಗೋಣ, ಬರುತ್ತೀಯಾ ಎಂದರು. ಸುಮಾರು 1,200 ನಾಟಿಕಲ್ ಮೈಲಿ. ಹತ್ತು ಹನ್ನೆರಡು ದಿನ ದಡ ಕಾಣದ ಪಯಣ.

ಮನೆಯ ಪರಿಸ್ಥಿತಿ ಹೀಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಅಪ್ಪನ ಪಾಲು ಸೊನ್ನೆ. ಅದೇ ಹೊತ್ತಿಗೆ ನನ್ನದೂ ಸೊನ್ನೆ. ಆಗಸ್ಟಿನಲ್ಲಿ ತಂಗಿಯ ನರ್ಸಿಂಗ್ ಕಾಲೇಜಿನ ಫೀಸು 90 ಸಾವಿರ. ಆಯಿ ಏನೂ ಹೇಳಲಿಲ್ಲ. ಹೇಳದೆ ಇರುವುದೇ ಜಾಸ್ತಿ ಭಾರ.

ನಾನು ಬಿ.ಕಾಂ. ಓದಿದ್ದು ಉಪಯೋಗಕ್ಕೆ ಬಂತು. ಹಳೇ ಲಾಗ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಬೆಂಗಳೂರು: 28 ಸಾವಿರದಲ್ಲಿ ಪಿಜಿಗೆ 9 ಸಾವಿರ, ಬಸ್ಸು ಊಟ ತಿರುಗಾಟಕ್ಕೆ ಕಡಿಮೆಯೆಂದರೂ 5 ಸಾವಿರ. ಉಳಿದದ್ದು 14 ಸಾವಿರ, ವರ್ಷಕ್ಕೆ 1 ಲಕ್ಷ 68 ಸಾವಿರ. ದೋಣಿ: ತಿಂಗಳಿಗೆ 22 ಸಾವಿರ, ಎಂಟು ತಿಂಗಳಿಗೆ 1 ಲಕ್ಷ 76 ಸಾವಿರ. ಊಟ, ವಸತಿ ದೋಣಿಯಲ್ಲೇ. ನನ್ನ ಕೈಖರ್ಚು ಒಟ್ಟು 16 ಸಾವಿರ ಕಳೆದರೆ ಉಳಿಯುವುದು 1 ಲಕ್ಷ 60 ಸಾವಿರ. ಎರಡರ ನಡುವಿನ ಅಂತರ ವರ್ಷಕ್ಕೆ ಎಂಟೇ ಸಾವಿರ! ತೊಂದರೆ ಇದ್ದದ್ದು ಮೊತ್ತದಲ್ಲಲ್ಲ, ಅದು ಬರುವ ತಿಂಗಳುಗಳಲ್ಲಿ. ಕಾಕುವಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ: ಎಂಟು ತಿಂಗಳ ಸಂಬಳವನ್ನು ಹನ್ನೆರಡು ತಿಂಗಳಿಗೆ ಹಂಚಿ ಕೊಡುತ್ತೀರಾ, ಜೂನಿನಿಂದಲೇ? ಫೀಸಿಗೆ ಮೂರು ತಿಂಗಳದ್ದು ಮುಂಗಡ ಬೇಕು. ಅವರು ಒಂದು ದಿನ ಯೋಚಿಸಿ ಒಪ್ಪಿದರು. ಉಳಿದ ಫೀಸಿಗೆ ಕಾಲೇಜಿನವರು ಎರಡು ಕಂತು ಕೊಟ್ಟರು.

ಬೆಂಗಳೂರಿನ ಕೆಲಸದಲ್ಲಿ ಪಿಎಫ್ ಇತ್ತು, ಆರೋಗ್ಯ ವಿಮೆ ಇತ್ತು. ಇಲ್ಲಿ ಎರಡೂ ಇಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮಾಡಿಸಿದ್ದೇನೆ, ಎರಡು ಲಕ್ಷದ್ದು. ಅಷ್ಟೇ. ಹಾಗಾಗಿ ಇದೇ ಕೊನೆಯವರೆಗೆ ಎಂದು ನಾನು ಹೇಳುವುದಿಲ್ಲ. ಮುಂದಿನ ಎರಡು ಸೀಸನ್ನಿನೊಳಗೆ ಸಮುದ್ರ ಸುರಕ್ಷತೆಯ ಎಸ್‌ಟಿಸಿಡಬ್ಲ್ಯು ಕೋರ್ಸು ಮುಗಿಸಿ, ನಾವಿಕರ ಸಿಡಿಸಿ ಪುಸ್ತಕ ಮಾಡಿಸಬೇಕೆಂದಿದ್ದೇನೆ. ಹಡಗಿನ ಕೆಲಸ ಹುಡುಕುವವರಿಗೆ ಇಲ್ಲೊಂದು ಮಾತು: ಹಡಗಿಗೆ ಸೇರಿಸುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು, ನಂಬರನ್ನು ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ಕೇಳುವಂತಿಲ್ಲ. ನಮ್ಮೂರ ಹುಡುಗನೊಬ್ಬ ಮೂರು ಲಕ್ಷ ಕೊಟ್ಟು, ಮುಂಬೈಯ ಲಾಡ್ಜಿನಲ್ಲಿ ಎರಡು ತಿಂಗಳು ಕುಳಿತು ವಾಪಸು ಬಂದ.

ಬಂಗುಡೆಯದು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅದಕ್ಕೆ ವಯಸ್ಸಾಗುತ್ತಿದೆ, ಒಂದು ಕಣ್ಣು ಮಂಜು. ಹನ್ನೆರಡು ದಿನದ ಪಯಣದಲ್ಲಿ ಕಾಯಿಲೆ ಬಿದ್ದರೆ ಪಶುವೈದ್ಯರಿಲ್ಲ. ಹವಾಮಾನ ಕೆಟ್ಟು ಶ್ರೀಲಂಕೆಯ ಬಂದರಿಗೆ ನುಗ್ಗಬೇಕಾಗಿ ಬಂದರೆ ಅದರ ಕಾಗದಪತ್ರ ಒಂದೂ ಇಲ್ಲ. ಕಾಕು ‘ಕರೆದುಕೊಂಡೇ ಹೋಗೋಣ’ ಎಂದರು. ನಾನೇ ಬೇಡ ಎಂದೆ. ಅಕ್ಟೋಬರಿನಲ್ಲಿ ದೋಣಿ ನೀರಿಗಿಳಿಯುವ ಮೊದಲು ಮೀನಿನ ಬುಟ್ಟಿಗೆ ಬಟ್ಟೆ ಹಾಸಿ, ಮೇಲೆ ಬಲೆ ಬಿಗಿದು, ಮಡಗಾಂವ್‌ನಿಂದ ಪ್ಯಾಸೆಂಜರ್ ರೈಲಿನಲ್ಲಿ ಊರಿಗೆ ತಂದೆ. ಕಾರವಾರದ ಸುರಂಗಗಳಲ್ಲೆಲ್ಲ ಅದು ಕೂಗಿತು. ಮನೆಯಲ್ಲಿ ಮೂರು ದಿನ ಅಕ್ಕಿಡಬ್ಬದ ಹಿಂದೆ ಕುಳಿತಿತ್ತು, ಮೊದಲ ಸಲ ದೋಣಿಯಲ್ಲಿ ಕುಳಿತ ಹಾಗೇ. ನಾನು ಹೊರಡುವ ದಿನ ಹೊರಗೆ ಬರಲೇ ಇಲ್ಲ.

ಈಗ ಆಯಿ ಫೋನ್ ಮಾಡಿದರೆ ಮೊದಲು ಬೆಕ್ಕಿನ ಸುದ್ದಿ. ಬೂತಾಯಿ ಹಾಕಿದರೆ ಮೂಸಿ ನೋಡಿ ಹೋಗುತ್ತದಂತೆ, ಸಿಗಡಿಯೇ ಬೇಕಂತೆ. ರಾತ್ರಿ ಅಪ್ಪನ ಬಲೆಯ ರಾಶಿಯ ಮೇಲೆ ಮಲಗುತ್ತದಂತೆ. ನಿನ್ನೆ ದೋಣಿಯ ನಕಾಶೆಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬುತ್ತಿದ್ದಾಗ ಅವಳ ಫೋನ್ ಬಂತು. ‘ಅಂಡಮಾನಿಗೆ ಹೋದವ್ರು ತಿರುಗಿ ಬರೂದಿಲ್ಲ ಅಂತಿದ್ರು ನಮ್ಮಜ್ಜಿ. ನೀನು ಯಾವ ತಾರೀಕಿಗೆ ಬರ್ತಿ?’ ಎಂದಳು. ತಾರೀಖು ಹೇಳಲು ಬರುವುದಿಲ್ಲ, ಮೇ ಎರಡನೇ ವಾರದೊಳಗೆ ಎಂದೆ. ‘ಮಳೆ ಹಿಡಿಯೂದ್ರೊಳಗೆ ಬಾ’ ಎಂದವಳು, ಹಿಂದಿನಿಂದ ಬೆಕ್ಕು ಕೂಗಿದ್ದಕ್ಕೆ ಫೋನಿಟ್ಟಳು.